ಲಕ್ಷ ಕಿಲೋಮೀಟರ್ ದಾಟಿದ ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್, ಹೊಸ ಸ್ಪ್ರಿಂಗ್: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿರುವ ಸಣ್ಣ ಗ್ಯಾರೇಜು. ಇಲ್ಲಿಗೆ ಬರುವ ಕಾರುಗಳಲ್ಲಿ ಹೆಚ್ಚಿನವು ಒಂದು ಲಕ್ಷ ಕಿಲೋಮೀಟರ್ ದಾಟಿದವು. ಎರಡು ಲಕ್ಷ ಮುಟ್ಟಿದವೂ ಕಡಿಮೆಯಿಲ್ಲ. ಅರ್ಧ ಆಯಸ್ಸು ಡಾಂಬರಿನಲ್ಲಿ, ಇನ್ನರ್ಧ ತೋಟದ ಮಣ್ಣುದಾರಿಯಲ್ಲಿ ಕಳೆದ ಗಾಡಿಗಳು. ಮಳೆ ನಿಂತು ರಸ್ತೆಯ ಗುಂಡಿಗಳೆಲ್ಲ ಬಾಯಿ ತೆರೆದಾಗ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಫೋನಿನಲ್ಲಿ ಅವಸರದಿಂದ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಬಿಡಿಸಿ ಬರೆದಿದ್ದೇನೆ.

ಶಾಕ್ ಅಬ್ಸಾರ್ಬರ್ ಬೇರೆ, ಸ್ಪ್ರಿಂಗ್ ಬೇರೆಯೇ? ಎರಡರ ಕೆಲಸವೂ ಒಂದೇ ಅಲ್ಲವೇ?

ಬೇರೆ ಬೇರೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಗುಂಡಿಗೆ ಬಿದ್ದಾಗ ಕುಗ್ಗಿ ಪೆಟ್ಟನ್ನು ನುಂಗುವುದೂ ಅದೇ. ಆದರೆ ಕುಗ್ಗಿದ ಸ್ಪ್ರಿಂಗ್ ತನ್ನಷ್ಟಕ್ಕೆ ಸುಮ್ಮನಾಗುವುದಿಲ್ಲ. ಮೇಲೆ ಕೆಳಗೆ ಕುಣಿಯುತ್ತಲೇ ಇರುತ್ತದೆ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಅದರೊಳಗೆ ಎಣ್ಣೆ ಇರುತ್ತದೆ, ಸಣ್ಣ ತೂತುಗಳಿರುವ ಪಿಸ್ಟನ್ ಇರುತ್ತದೆ. ಎಣ್ಣೆ ಆ ತೂತುಗಳ ಮೂಲಕ ತಿಣುಕಿಕೊಂಡು ಹಾಯಬೇಕು. ಕುಣಿತದ ಶಕ್ತಿಯೆಲ್ಲ ಆ ತಿಣುಕಾಟದಲ್ಲಿ ಶಾಖವಾಗಿ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಹತ್ತಾರು ಕಿಲೋಮೀಟರ್ ಓಡಿ ಬಂದ ಕಾರಿನ ಶಾಕ್ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಂದು ಬೆಚ್ಚಗಿದ್ದು ಅದರ ಜೋಡಿ ತಣ್ಣಗಿದ್ದರೆ, ತಣ್ಣಗಿರುವುದರ ಮೇಲೆ ಅನುಮಾನ ಪಡಬೇಕು.

ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಶಾಕ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಾಗಿ ಬರುತ್ತವೆ. ಇದಕ್ಕೆ ಸ್ಟ್ರಟ್ ಎನ್ನುತ್ತೇವೆ. ಸ್ಟೀರಿಂಗ್ ತಿರುಗಿಸಿದಾಗ ಅದೂ ಚಕ್ರದ ಜೊತೆಗೆ ತಿರುಗುತ್ತದೆ. ಹಿಂದೆ ಸಾಮಾನ್ಯವಾಗಿ ಶಾಕ್ ಒಂದು ಕಡೆ, ಸ್ಪ್ರಿಂಗ್ ಇನ್ನೊಂದು ಕಡೆ.

ಕಾರು ಮೆತ್ತಗೆ, ಹಾಯಾಗಿ ಓಡುತ್ತಿದೆ. ಆದರೂ ಬದಲಾಯಿಸಬೇಕೇ?

ನನಗೆ ಹೆಚ್ಚು ಚಿಂತೆ ಹುಟ್ಟಿಸುವ ಪ್ರಶ್ನೆ ಇದು. ಶಾಕ್ ಒಂದೇ ದಿನದಲ್ಲಿ ಸಾಯುವುದಿಲ್ಲ, ವರ್ಷಗಟ್ಟಲೆ ಸವೆಯುತ್ತದೆ. ದಿನವೂ ಅದೇ ಕಾರು ಓಡಿಸುವವರ ಮೈ ಅದಕ್ಕೆ ಒಗ್ಗಿಕೊಂಡಿರುತ್ತದೆ. ‘ಮೆತ್ತಗಾಗಿದೆ’ ಎಂದು ನೀವು ಮೆಚ್ಚಿಕೊಳ್ಳುತ್ತಿರುವುದೇ ಎಷ್ಟೋ ಸಲ ರೋಗದ ಲಕ್ಷಣ.

ಶಾಕ್ ಇರುವುದು ಸೊಂಟದ ಸುಖಕ್ಕಾಗಿ ಮಾತ್ರ ಎಂದು ತಿಳಿಯಬೇಡಿ. ಟೈರು ರಸ್ತೆಯನ್ನು ಬಿಡದಂತೆ ಒತ್ತಿ ಹಿಡಿಯುವುದು ಅದರ ದೊಡ್ಡ ಕೆಲಸ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮೂತಿ ತಗ್ಗುತ್ತದೆ, ಹಿಂಭಾಗ ಹಗುರವಾಗುತ್ತದೆ. ಅದೇ ಹೊತ್ತಿಗೆ ತಿರುವಿನಲ್ಲೊಂದು ಗುಂಡಿ. ಸವೆದ ಶಾಕ್ ಇದ್ದರೆ ಚಕ್ರ ಗುಂಡಿಯಿಂದೆದ್ದು ಕ್ಷಣಹೊತ್ತು ಪುಟಿಯುತ್ತದೆ. ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೂ ನೆಲ ಮುಟ್ಟದ ಟೈರನ್ನು ಅದು ಹಿಡಿದು ನಿಲ್ಲಿಸಲಾರದು. ಆದ್ದರಿಂದ ಶಾಕನ್ನು ನಾನು ಬ್ರೇಕಿನ ಸಾಲಿಗೆ ಸೇರಿಸುತ್ತೇನೆ, ಸೀಟಿನ ಸಾಲಿಗಲ್ಲ.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು?

ಇಷ್ಟೇ ಎಂಬ ಗೆರೆಯಿಲ್ಲ. 80,000 ಕಿ.ಮೀ. ಹೊತ್ತಿಗೆ ಒಮ್ಮೆ ಸರಿಯಾಗಿ ಪರೀಕ್ಷಿಸಿ, ಅಲ್ಲಿಂದ ಮುಂದೆ ಪ್ರತಿ ಸರ್ವಿಸಿನಲ್ಲೂ ನೋಡಿಸಿ. ಹೆದ್ದಾರಿಯಲ್ಲೇ ಬೆಂಗಳೂರಿಗೆ ಹೋಗಿ ಬರುವ ಕಾರಿನ ಲಕ್ಷ ಕಿಲೋಮೀಟರಿಗೂ, ಮನೆಯ ಉಣಗೋಲಿನಿಂದ (ಗೇಟಿನಿಂದ) ಟಾರು ರಸ್ತೆ ಮುಟ್ಟಲು ದಿನವೂ ಎರಡು ಕಿಲೋಮೀಟರ್ ಕಲ್ಲುದಾರಿ ದಾಟುವ ಕಾರಿನ ಲಕ್ಷಕ್ಕೂ ಹೋಲಿಕೆಯೇ ಇಲ್ಲ.

ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಎಲ್ಲರಿಗೂ ಗೊತ್ತಿರುವ ಪರೀಕ್ಷೆ ಒಂದಿದೆ: ಕಾರಿನ ಒಂದು ಮೂಲೆಯನ್ನು ಎರಡು ಮೂರು ಸಲ ಬಲವಾಗಿ ಒತ್ತಿ ಬಿಡುವುದು. ಒಮ್ಮೆ ಮೇಲೆದ್ದು ಅಲ್ಲೇ ನಿಂತರೆ ಸರಿ, ತೊಟ್ಟಿಲಿನಂತೆ ತೂಗಿದರೆ ಶಾಕ್ ಹೋಗಿದೆ. ಆದರೆ ಈ ಪರೀಕ್ಷೆಯಲ್ಲಿ ಫೇಲಾದ ಶಾಕ್ ಖಂಡಿತ ಕೆಟ್ಟಿದೆ ಎನ್ನಬಹುದೇ ಹೊರತು ಪಾಸಾದದ್ದು ಚೆನ್ನಾಗಿದೆ ಎನ್ನುವಂತಿಲ್ಲ. ಕೈಯಿಂದ ಒತ್ತುವ ವೇಗ ಬೇರೆ, ಗುಂಡಿ ಕೊಡುವ ಪೆಟ್ಟಿನ ವೇಗ ಬೇರೆ.

ಅದಕ್ಕಿಂತ ಟೈರು ಹೆಚ್ಚು ನಿಜ ಹೇಳುತ್ತದೆ. ಅಂಗೈಯನ್ನು ಟೈರಿನ ಮೇಲೆ ಸುತ್ತಲೂ ಸವರಿ. ಅಲ್ಲಲ್ಲಿ ಬೋಗುಣಿಯಂತೆ ತಗ್ಗು, ಪಕ್ಕದಲ್ಲಿ ಉಬ್ಬು, ಮತ್ತೆ ತಗ್ಗು ಎಂದು ಅಲೆಯಲೆಯಾಗಿ ಸಿಕ್ಕರೆ ಚಕ್ರ ಪುಟಿಯುತ್ತಾ ಓಡಿದೆ ಎಂದರ್ಥ. ಒಂದೇ ಅಂಚು ಸವೆದಿದ್ದರೆ ಅದು ಹೆಚ್ಚಾಗಿ ಅಲೈನ್‌ಮೆಂಟಿನ, ಅಂದರೆ ಚಕ್ರಗಳು ನಿಂತಿರುವ ಕೋನದ ಸಮಸ್ಯೆ.

ಸ್ಪ್ರಿಂಗ್ ಕುಸಿದಿದೆಯೇ ಎಂದು ತಿಳಿಯಲು ಟೇಪು ಸಾಕು. ನಾಲ್ಕೂ ಚಕ್ರದ ಗಾಳಿ ಸರಿಮಾಡಿ, ಕಾರು ಖಾಲಿ ಮಾಡಿ, ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಎಡ ಬಲದ ನಡುವೆ ಬೆರಳು ಅಗಲದಷ್ಟು ವ್ಯತ್ಯಾಸ ಕಂಡರೆ ತೋರಿಸಿ. ಅಳೆಯುವ ಜಾಗದ ಬಗ್ಗೆ ಒಂದು ಮಾತು: ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳ ಕಣ್ಣಿಗೆ ಸಮತಟ್ಟಾಗಿ ಕಾಣುತ್ತದೆ, ಆದರೆ ಮಳೆನೀರು ಹರಿದುಹೋಗಲೆಂದು ಅದಕ್ಕೆ ಓರೆ ಕೊಟ್ಟಿರುತ್ತಾರೆ. ಒಮ್ಮೆ ಅಳೆದು, ಕಾರನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಅಳೆಯಿರಿ. ಎರಡು ಸಲವೂ ಅದೇ ಬದಿ ತಗ್ಗಿದ್ದರೆ ದೋಷ ಕಾರಿನದು.

ಎಣ್ಣೆ ಸೋರಿಲ್ಲ. ಅಂದ ಮೇಲೆ ಶಾಕ್ ಚೆನ್ನಾಗಿದೆ ತಾನೇ?

ಹಾಗೇನಿಲ್ಲ. ಒಳಗಿನ ವಾಲ್ವ್ ಸವೆದು, ಎಣ್ಣೆಯ ಜೊತೆ ಒತ್ತಡದಲ್ಲಿ ತುಂಬಿದ್ದ ಗ್ಯಾಸ್ ಇಳಿದುಹೋಗಿ, ಹೊರಗೆ ಒಂದು ಹನಿಯೂ ಕಾಣದೆ ಸತ್ತ ಶಾಕ್‌ಗಳನ್ನು ಎಷ್ಟೋ ಬಿಚ್ಚಿದ್ದೇನೆ. ಇದರ ತಿರುಗುಮುರುಗೂ ಇದೆ: ಸೀಲಿನ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆಯ) ಹತ್ತಿರ ತೆಳುವಾಗಿ ಎಣ್ಣೆಯ ಪಸೆ, ಅದರ ಮೇಲೆ ಧೂಳು ಕೂತಿದ್ದರೆ ಹೆದರಬೇಕಾಗಿಲ್ಲ. ಒರೆಸಿ ಬಿಡಿ. ಹದಿನೈದು ದಿನದಲ್ಲಿ ಮತ್ತೆ ಒದ್ದೆಯಾಗಿ ಕೆಳಗಿನವರೆಗೂ ಇಳಿದಿದ್ದರೆ ಬದಲಾಯಿಸುವ ಕಾಲ ಬಂದಿದೆ.

ಸ್ಪ್ರಿಂಗ್ ಕಬ್ಬಿಣದ್ದಲ್ಲವೇ? ಅದಕ್ಕೇನಾಗುತ್ತದೆ?

ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ನಮ್ಮ ಕಡೆ ಮುರಿಯುವುದೇ ಹೆಚ್ಚು, ಕಾರಣ ನೀರು ಮತ್ತು ಕೆಸರು. ಸ್ಪ್ರಿಂಗಿನ ಕೆಳಗಿನ ಸುತ್ತು ಒಂದು ತಟ್ಟೆಯಂಥ ಜಾಗದಲ್ಲಿ ಕೂತಿರುತ್ತದೆ. ಜೂನಿನಿಂದ ಅಕ್ಟೋಬರಿನವರೆಗೆ ಆ ತಟ್ಟೆಯಲ್ಲಿ ಕೆಮ್ಮಣ್ಣು ತುಂಬಿ ಒದ್ದೆಯಾಗಿಯೇ ಇರುತ್ತದೆ. ಕಲ್ಲು ಸಿಡಿದು ಪೈಂಟು ಎದ್ದ ಕಡೆ ತುಕ್ಕು ಹಿಡಿಯುತ್ತದೆ, ತುಕ್ಕು ಸಣ್ಣ ಬಿರುಕಾಗುತ್ತದೆ, ಒಂದು ದಿನ ‘ಟಣ್’ ಎಂದು ಹೋಗುತ್ತದೆ. ಘಾಟಿ ಇಳಿದು ಕರಾವಳಿಗೆ ಪದೇ ಪದೇ ಹೋಗಿ ಬರುವ ಕಾರುಗಳಿಗೆ ಉಪ್ಪುಗಾಳಿಯ ಕಾಟ ಬೇರೆ.

ಹೊಸನಗರದ ಕಡೆಯ ಒಬ್ಬರು ದೀಪಾವಳಿಗೆ ಮೊದಲು ಬಂದಿದ್ದರು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಡಗಡೆ ‘ಟಕ್’ ಎನ್ನುವ ಸದ್ದು. ಅದಾಗಲೇ ಬೇರೆ ಕಡೆ ಲಿಂಕ್ ರಾಡ್ ಬದಲಾಯಿಸಿದ್ದರು, ಟೈ ರಾಡ್ ಎಂಡೂ ಹೊಸದು. ಸದ್ದು ಮಾತ್ರ ಹಾಗೇ ಇತ್ತು. ನಾನು ಚಕ್ರ ಬಿಚ್ಚಿ, ಕೆಳಗಿನ ತಟ್ಟೆಯಲ್ಲಿ ಗಟ್ಟಿಕಟ್ಟಿದ್ದ ಮಣ್ಣನ್ನು ನೀರು ಬಿಟ್ಟು ಬೆರಳಿನಿಂದ ಕೆದಕಿದೆ. ಎರಡು ಅಂಗುಲದ ಕಬ್ಬಿಣದ ತುಂಡು ಕೈಗೆ ಬಂತು. ಮುರಿದ ಮುಖದ ಮುಕ್ಕಾಲು ಭಾಗ ಕಡುಗಂದು ತುಕ್ಕು, ಅಂಚಿನಲ್ಲೊಂದು ಗೆರೆ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬಹಳ ಕಾಲದಿಂದ ಬಿರುಕು ಬೆಳೆಯುತ್ತಾ ಬಂದು, ಉಳಿದ ಆ ಗೆರೆಯಷ್ಟು ಕಬ್ಬಿಣ ಇತ್ತೀಚೆಗೆ ಸೋತಿತ್ತು. ಮುರಿದ ತುದಿ ಟೈರಿನ ಒಳಮೈಗೆ ತೀರಾ ಹತ್ತಿರವಿತ್ತು. ಅದು ತಾಗಿದ್ದರೆ ಟೈರು ಸೀಳಿಹೋಗುತ್ತಿತ್ತು. ಹಾಗಾಗಿ ಕಾರು ತೊಳೆಸುವಾಗ ಮೇಲಿನ ಹೊಳಪಿಗಿಂತ ಮೊದಲು ಸ್ಪ್ರಿಂಗಿನ ತಟ್ಟೆಗೆ ನೀರು ಹೊಡೆಯಲು ಹೇಳಿ ಎಂದು ಎಲ್ಲರಿಗೂ ಹೇಳುತ್ತೇನೆ.

ಒಂದು ಬದಿಯದು ಮಾತ್ರ ಕೆಟ್ಟಿದ್ದರೆ ಒಂದನ್ನೇ ಹಾಕಿಸಬಹುದೇ?

ಬೇಡ. ಮುಂದಿನದಾದರೆ ಮುಂದಿನ ಎರಡೂ, ಹಿಂದಿನದಾದರೆ ಹಿಂದಿನ ಎರಡೂ. ಒಂದು ಹೊಸತು, ಒಂದು ಹಳತು ಇದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ವಾಲುತ್ತದೆ. ಸ್ಪ್ರಿಂಗಿಗೂ ಇದೇ ಮಾತು. ನಾಲ್ಕನ್ನೂ ಒಟ್ಟಿಗೆ ಮಾಡಲು ಹಣ ಸಾಲದಿದ್ದರೆ ಹೆಚ್ಚು ಸವೆದ ಜೋಡಿಯನ್ನು ಮೊದಲು ಮಾಡಿಸಿ, ಇನ್ನೊಂದನ್ನು ಮುಂದಿನ ಸರ್ವಿಸಿಗೆ ಇಟ್ಟುಕೊಳ್ಳಿ.

ಶಾಕಿನ ಜೊತೆಗೆ ಇನ್ನೇನು ಬದಲಾಯಿಸಬೇಕು? ಗ್ಯಾರೇಜಿನವರು ಪಟ್ಟಿ ಬೆಳೆಸುತ್ತಿದ್ದಾರೆ ಎನಿಸುತ್ತದೆ.

ಅನುಮಾನ ಸಹಜ. ಆದರೆ ಕೆಲವನ್ನು ಬಿಟ್ಟರೆ ಮುಂದೆ ಕೆಲಸವೂ ಎರಡು ಸಲ, ಕೂಲಿಯೂ ಎರಡು ಸಲ.

ಸ್ಟ್ರಟ್ಟಿನ ಮೇಲ್ತುದಿಯಲ್ಲಿ ರಬ್ಬರ್ ಮೌಂಟ್ ಮತ್ತು ಬೇರಿಂಗ್ ಇರುತ್ತವೆ. ಲಕ್ಷ ಕಿಲೋಮೀಟರಿನ ಕಾರಿನಲ್ಲಿ ಇವನ್ನು ಹಳೆಯದೇ ಹಾಕಿದರೆ ಹೊಸ ಶಾಕ್ ಹಾಕಿದ ಮೇಲೂ ಸದ್ದು ನಿಲ್ಲುವುದಿಲ್ಲ. ನಂತರ ಬಂಪ್ ಸ್ಟಾಪ್, ಅಂದರೆ ಶಾಕ್ ತೀರಾ ಕುಗ್ಗಿದಾಗ ತಳ ತಾಗದಂತೆ ತಡೆಯುವ ರಬ್ಬರಿನಂಥ ಮೆತ್ತೆ. ಹಳೆಯ ಕಾರಿನಲ್ಲಿ ಅದನ್ನು ಹಿಡಿದರೆ ಒಣಗಿದ ಬ್ರೆಡ್ಡಿನಂತೆ ಉದುರುತ್ತದೆ. ಇನ್ನೊಂದು, ಡಸ್ಟ್ ಕವರ್. ಎಲ್ಲಕ್ಕಿಂತ ಅಗ್ಗದ ವಸ್ತು, ಎಲ್ಲರೂ ಕೈಬಿಡುವ ವಸ್ತು. ಅದು ಹರಿದರೆ ಕೆಸರು ನೇರವಾಗಿ ಶಾಕಿನ ಹೊಳಪಿನ ರಾಡಿಗೆ ಬಡಿಯುತ್ತದೆ, ರಾಡು ಸೀಲನ್ನು ಉಜ್ಜುತ್ತದೆ, ಎಣ್ಣೆ ಹೋಗುತ್ತದೆ. ಮಲೆನಾಡಿನಲ್ಲಿ ಶಾಕ್ ಬೇಗ ಸಾಯಲು ಗುಂಡಿಯಷ್ಟೇ ಹರಿದ ಡಸ್ಟ್ ಕವರೂ ಕಾರಣ ಎಂಬುದು ನನ್ನ ಅನುಭವ.

ಲಿಂಕ್ ರಾಡ್, ಲೋಯರ್ ಆರ್ಮ್ (ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತೋಳು) ಬುಷ್, ಬಾಲ್ ಜಾಯಿಂಟ್‌ಗಳನ್ನು ಕಣ್ಣುಮುಚ್ಚಿ ಬದಲಾಯಿಸಬೇಕಿಲ್ಲ. ಕಬ್ಬಿಣದ ರಾಡಿನಿಂದ ಮೀಟಿ ನೋಡಿ, ಆಟ (ಸಡಿಲಿಕೆ) ಇದ್ದರೆ ಬದಲಾಯಿಸಿ. ಆ ಆಟವನ್ನು ನಿಮ್ಮ ಕಣ್ಣಿಗೇ ತೋರಿಸಲು ಕೇಳಿ. ತೋರಿಸದವರ ಪಟ್ಟಿಯನ್ನು ಒಪ್ಪಬೇಡಿ.

ರೀಕಂಡಿಷನ್ ಮಾಡಿದ ಶಾಕ್ ಅರ್ಧ ಬೆಲೆಗೆ ಸಿಗುತ್ತದೆ. ಹಾಕಿಸಬಹುದೇ?

ನಾನು ಹಾಕುವುದಿಲ್ಲ. ಕೊಳವೆಗೆ ತೂತು ಕೊರೆದು, ದಪ್ಪ ಎಣ್ಣೆ ತುಂಬಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ಕೊಡುವವರಿದ್ದಾರೆ. ಒಳಗಿನ ಗ್ಯಾಸ್ ಹೋಗಿರುತ್ತದೆ, ವಾಲ್ವ್ ಸವೆದೇ ಇರುತ್ತದೆ. ಮೊದಲ ವಾರ ಗಡುಸಾಗಿ ಚೆನ್ನಾಗಿದೆ ಎನಿಸುತ್ತದೆ. ಗ್ಯಾಸಿನ ಒತ್ತಡ ಇಲ್ಲದ್ದರಿಂದ ಕೆಟ್ಟ ರಸ್ತೆಯಲ್ಲಿ ಬಿಸಿಯಾದಾಗ ಎಣ್ಣೆ ನೊರೆಯೇಳುತ್ತದೆ, ನೊರೆ ಎದ್ದ ಎಣ್ಣೆ ಏನನ್ನೂ ತಡೆಯುವುದಿಲ್ಲ.

ಹಿಂಭಾಗ ಕುಸಿದಿದೆ. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ಬಫರ್ ಹಾಕಿಸಿದರೆ ಸಾಲದೇ?

ಬಫರ್ ಹಾಕಿದರೆ ಕಾರು ಎತ್ತರ ಕಾಣುತ್ತದೆ. ಆದರೆ ಆ ಜಾಗದ ಸುತ್ತು ಕುಗ್ಗುವುದು ನಿಲ್ಲುತ್ತದೆ, ಉಳಿದ ಸುತ್ತುಗಳ ಮೇಲೆ ಹೊರೆ ಹೆಚ್ಚುತ್ತದೆ. ಕುಸಿದ, ತುಕ್ಕು ಹಿಡಿದ ಸ್ಪ್ರಿಂಗಿಗೆ ಇದು ಮದ್ದಲ್ಲ. ಅದಕ್ಕಿಂತ ಕುಸಿದದ್ದೇಕೆ ಎಂದು ಕೇಳಿಕೊಳ್ಳಿ. ಸಣ್ಣ ಕಾರು ಹೊರಬಲ್ಲದ್ದು ಜನ, ಸಾಮಾನು ಎಲ್ಲ ಸೇರಿ ಸಾಮಾನ್ಯವಾಗಿ 400 ಕಿಲೋ ಆಸುಪಾಸು. ಕೊಯ್ಲಿನ ಕಾಲದಲ್ಲಿ ಮಂಡಿಗೆ ಹೋಗುವಾಗ ಹಿಂದಿನ ಸೀಟು ಮಡಚಿ ಅಡಿಕೆ ಚೀಲ ಪೇರಿಸಿ, ಮುಂದೆ ಇಬ್ಬರು ಕೂತರೆ ಆ ಮಿತಿ ತಿಳಿಯದೆಯೇ ದಾಟುತ್ತದೆ. ಚೀಲಗಳಿಗೆ ಪಿಕಪ್ ಮಾಡಿಕೊಳ್ಳಿ.

ಇಡೀ ಕಾರನ್ನು ಎತ್ತರಿಸಿಕೊಡಿ ಎಂದು ಕೇಳುವವರೂ ಇದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ವಿವರಗಳು ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. ಅದರ ಮಾತು ಬಿಟ್ಟರೂ, ಎತ್ತರಿಸಿದ ಕಾರು ತಿರುವಿನಲ್ಲಿ ಹೆಚ್ಚು ವಾಲುತ್ತದೆ. ನಮ್ಮ ರಸ್ತೆಗಳಲ್ಲಿ ತಿರುವಿಗೇನೂ ಬರವಿಲ್ಲ.

ಯಾವ ಕಂಪನಿಯದು ಕೊಳ್ಳಬೇಕು?

ಕಾರು ತಯಾರಕರದೇ ಬಿಡಿಭಾಗ, ಇಲ್ಲವೇ ಗೇಬ್ರಿಯಲ್, ಮನ್ರೋ, ಕೆವೈಬಿಯಂಥ ಹೆಸರಾಂತ ಕಂಪನಿಗಳದು. ಬಿಲ್ಲಿನೊಂದಿಗೆ ಕೊಳ್ಳಿ. ಹೆಸರಿಗಿಂತ ಪಾರ್ಟ್ ನಂಬರ್ ಮುಖ್ಯ: ಡೀಸೆಲ್ ಎಂಜಿನ್ ಹೆಚ್ಚು ಭಾರ, ಆದ್ದರಿಂದ ಒಂದೇ ಮಾದರಿಯ ಡೀಸೆಲ್ ಕಾರಿಗೂ ಪೆಟ್ರೋಲ್ ಕಾರಿಗೂ ಮುಂದಿನ ಸ್ಪ್ರಿಂಗ್ ಬೇರೆ ಇರುತ್ತದೆ. ಮುಂದಿನ ಸ್ಟ್ರಟ್‌ಗಳಲ್ಲಿ ಎಡ ಬಲವೂ ಬೇರೆ. ಆರ್‌ಸಿ ಪುಸ್ತಕದ ಚಾಸಿ ನಂಬರ್ ಹೇಳಿ ತರಿಸಿಕೊಂಡರೆ ಎಡವಟ್ಟಾಗುವುದಿಲ್ಲ.

ಕೆಲಸ ನಡೆಯುವಾಗ ಪಕ್ಕದಲ್ಲಿ ನಿಂತು ಏನನ್ನು ಗಮನಿಸಬೇಕು?

ಮೂರು ವಿಷಯ. ಇವು ಮೂರೂ ಸರಿಯಾದರೆ ಉಳಿದದ್ದರಲ್ಲಿ ದೊಡ್ಡ ತಪ್ಪಾಗುವುದು ಅಪರೂಪ.

ಮೊದಲನೆಯದು ರಾಡು. ಮೇಲಿನ ನಟ್ ಬಿಗಿಯುವಾಗ ರಾಡು ಕೂಡ ತಿರುಗುತ್ತದೆ. ಆಗ ಅವಸರದವರು ಹೊಳಪಿನ ರಾಡನ್ನೇ ಪ್ಲೈಯರ್‌ನಿಂದ ಕಚ್ಚಿ ಹಿಡಿಯುತ್ತಾರೆ. ಅಲ್ಲಿ ಬಿದ್ದ ಒಂದು ಗೀರು ಪ್ರತಿ ಗುಂಡಿಗೂ ಸೀಲನ್ನು ಕೊಯ್ಯುತ್ತದೆ. ಹೊಸ ಶಾಕ್ ಮೂರೇ ತಿಂಗಳಲ್ಲಿ ಸೋರಿತೆಂದರೆ ಡಸ್ಟ್ ಕವರ್ ಎತ್ತಿ ಪ್ಲೈಯರ್ ಹಲ್ಲಿನ ಗುರುತು ಇದೆಯೇ ನೋಡಿ. ರಾಡಿನ ತುದಿಯಲ್ಲೇ ಅಲೆನ್ ಕೀಲಿಗೋ ಸ್ಪ್ಯಾನರಿಗೋ ಜಾಗ ಮಾಡಿರುತ್ತಾರೆ, ಅಲ್ಲೇ ಹಿಡಿಯಬೇಕು.

ಎರಡನೆಯದು, ಹಾಕುವ ಮೊದಲು ಶಾಕನ್ನು ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಬೇಕು. ಅಂಗಡಿಯಲ್ಲಿ ಮಲಗಿಸಿಟ್ಟಾಗ ಒಳಗೆ ಸೇರಿಕೊಂಡ ಗಾಳಿ ಇದರಿಂದ ಮೇಲೆ ಹೋಗುತ್ತದೆ. ಗ್ಯಾಸ್ ತುಂಬಿದ ಹೊಸ ಶಾಕನ್ನು ಒತ್ತಿ ಬಿಟ್ಟರೆ ರಾಡು ತಾನಾಗಿ ನಿಧಾನಕ್ಕೆ ಹೊರಬರುತ್ತದೆ. ಬಿಚ್ಚಿದ ಹಳೆಯದನ್ನೂ ಹೀಗೇ ಒತ್ತಿ ನೋಡಿ. ಒತ್ತಿದಲ್ಲೇ ಕೂತುಬಿಟ್ಟರೆ, ಅರ್ಧ ದಾರಿ ಹಿಡಿತವೇ ಇಲ್ಲದೆ ಜಾರಿದರೆ, ನೀವು ಖರ್ಚು ಮಾಡಿದ್ದು ಏಕೆಂದು ಕೈಗೇ ತಿಳಿಯುತ್ತದೆ.

ಮೂರನೆಯದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಾರು ಜಾಕಿನ ಮೇಲಿದ್ದಾಗಲೇ, ಚಕ್ರ ನೇತಾಡುತ್ತಿರುವಂತೆಯೇ, ಆರ್ಮಿನ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಟ್ಟಿದ್ದೆ. ಕೊಪ್ಪದ ಆ ಕಾರು ಆರು ತಿಂಗಳಲ್ಲಿ ಮರಳಿ ಬಂತು, ಹೊಸ ಬುಷ್‌ಗಳ ರಬ್ಬರು ಹರಿದಿತ್ತು. ನೇತಾಡುವ ಭಂಗಿಯಲ್ಲಿ ಬಿಗಿದರೆ ಕಾರು ನೆಲಕ್ಕಿಳಿದ ಕ್ಷಣದಿಂದಲೇ ಆ ರಬ್ಬರು ತಿರುಚಿಕೊಂಡೇ ಇರುತ್ತದೆ. ಬೋಲ್ಟುಗಳನ್ನು ಸಡಿಲವಾಗಿ ಕೂರಿಸಿ, ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆ ಟಾರ್ಕ್ ರೆಂಚಿನಿಂದ (ಎಷ್ಟು ಬಿಗಿಯಾಯಿತೆಂದು ತೋರಿಸುವ ಸ್ಪ್ಯಾನರ್) ಕೊನೆಯ ಬಿಗಿ ಕೊಡಬೇಕು. ಆ ಬುಷ್‌ಗಳನ್ನು ನನ್ನ ಕೈಯಿಂದಲೇ ಹಾಕಿಕೊಟ್ಟೆ. ಅಂದಿನಿಂದ ಈ ಕೆಲಸವನ್ನು ಹುಡುಗರ ಕೈಗೆ ಬಿಡುವಾಗ ಕೊನೆಯ ಬಿಗಿಗೆ ನಾನೇ ಹೋಗುತ್ತೇನೆ.

ನಾನೇ ಮನೆಯಲ್ಲಿ ಮಾಡಿಕೊಳ್ಳಬಹುದೇ?

ಶಾಕ್ ಮತ್ತು ಸ್ಪ್ರಿಂಗ್ ಬೇರೆ ಬೇರೆ ಇರುವ ಕಾರಿನ ಹಿಂದಿನ ಶಾಕನ್ನು ಕೈಪಳಗಿದವರು ಮಾಡಿಕೊಳ್ಳಬಹುದು. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಿ. ಜಾಕಿನ ಕೆಳಗೆ ದಪ್ಪ ಹಲಗೆ ಇಡಿ. ಮಳೆಯಲ್ಲಿ ನೆನೆದ ಅಂಗಳದಲ್ಲಿ ಜಾಕ್ ಹೂತುಹೋಗುತ್ತದೆ. ಸ್ಟ್ಯಾಂಡ್ ಕೊಡದೆ ಬರೀ ಜಾಕನ್ನು ನಂಬಿ ಕಾರಿನಡಿಗೆ ಹೋಗಬೇಡಿ.

ಮುಂದಿನ ಸ್ಟ್ರಟ್ ಮಾತ್ರ ಬೇಡವೇ ಬೇಡ. ಅದರ ಮೇಲಿನ ನಟ್ ಕೆಳಗೆ ಸ್ಪ್ರಿಂಗ್ ನೂರಾರು ಕಿಲೋ ಬಲದಲ್ಲಿ ಕುಗ್ಗಿ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಟ್ ಬಿಚ್ಚಿದರೆ ಅದು ಸಿಡಿಯುತ್ತದೆ. ಹಗ್ಗ, ತಂತಿ ಕಟ್ಟಿ ಬಿಚ್ಚುವುದನ್ನು ಕಂಡರೆ ಅಲ್ಲಿಂದ ದೂರ ಸರಿಯಿರಿ.

ಬೊಲೆರೊದಂಥ ಗಾಡಿಯ ಹಿಂದಿನ ಪ್ಲೇಟ್‌ಗಳಿಗೂ ಇದೇ ನಿಯಮವೇ?

ತತ್ವ ಒಂದೇ, ಕೆಲಸ ಬೇರೆ. ಅಲ್ಲಿ ಸುರುಳಿಯ ಬದಲು ಪಟ್ಟಿಗಳು. ಒಂದು ಪಟ್ಟಿ ಬಿರುಕು ಬಿಟ್ಟಿದ್ದರೆ ತುಕ್ಕಿನ ಗೆರೆಯಾಗಿ ಕಾಣುತ್ತದೆ. ಕುಸಿದ ಪಟ್ಟಿಗಳನ್ನು ಕುಲುಮೆಯಲ್ಲಿ ಕಾಯಿಸಿ ಬಾಗಿಸಿಕೊಡುವ ಹಳೆಯ ರೂಢಿ ಇದೆ. ಕಾಯಿಸಿದ ಉಕ್ಕಿಗೆ ಮತ್ತೆ ಸರಿಯಾಗಿ ಹದ ಹಾಕದಿದ್ದರೆ ಅದು ಬಹಳ ದಿನ ನಿಲ್ಲುವುದಿಲ್ಲ. ಪಟ್ಟಿಗಳನ್ನು ಬಿಗಿದು ಹಿಡಿಯುವ ಯು ಬೋಲ್ಟ್‌ಗಳನ್ನು ಹೊಸದೇ ಹಾಕಿಸಿ, ಕೆಲವು ದಿನ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿ.

ಅಲೈನ್‌ಮೆಂಟ್ ಮಾಡಿಸಲೇಬೇಕೇ?

ಮುಂದಿನ ಸ್ಟ್ರಟ್ ಬಿಚ್ಚಿದರೆ ಮಾಡಿಸಲೇಬೇಕು, ಅದೇ ದಿನ. ಸ್ಪ್ರಿಂಗೂ ಬದಲಾಗಿದ್ದರೆ ಅದು ಕೂತುಕೊಳ್ಳಲು ಸ್ವಲ್ಪ ಓಡಾಟ ಬೇಕು, ಸಾವಿರ ಕಿಲೋಮೀಟರ್ ಆದಮೇಲೆ ಇನ್ನೊಮ್ಮೆ ನೋಡಿಸಿ.

ಮಳೆಗಾಲಕ್ಕೆ ಮೊದಲು ಮಾಡಿಸುವುದೋ, ಮುಗಿದ ಮೇಲೋ?

‘ಹೇಗೂ ಗುಂಡಿಯಲ್ಲಿ ಹಾಳಾಗುತ್ತದೆ, ಮಳೆ ಮುಗಿಯಲಿ’ ಎನ್ನುವವರೇ ಹೆಚ್ಚು. ನನ್ನ ಸಲಹೆ ಮೇ ತಿಂಗಳು. ಹಿಡಿತ ಹೆಚ್ಚು ಬೇಕಾಗುವುದು ರಸ್ತೆ ಒದ್ದೆಯಾಗಿರುವಾಗ. ಆ ನಾಲ್ಕು ತಿಂಗಳನ್ನು ಸತ್ತ ಶಾಕಿನ ಮೇಲೆ ಕಳೆದು, ಒಣ ರಸ್ತೆಗೆ ಹೊಸದು ಹಾಕುವುದರಲ್ಲಿ ಲೆಕ್ಕ ಸರಿ ಕೂರುವುದಿಲ್ಲ. ಅಕ್ಟೋಬರಿನಲ್ಲಿ ಒಮ್ಮೆ ತಂದು ಡಸ್ಟ್ ಕವರ್, ಬೋಲ್ಟುಗಳನ್ನು ನೋಡಿಸಿದರೆ ಸಾಕು.

ಹದಿನೈದು ವರ್ಷ ಸಮೀಪಿಸಿದ ಕಾರಿಗೆ ಇಷ್ಟು ಖರ್ಚು ಬೇಕೇ?

ಮೊದಲು ಕಾರಿನ ತಳ ನೋಡಿ. ಸ್ಟ್ರಟ್ ಕೂರುವ ಗೂಡು, ಆರ್ಮ್ ಹಿಡಿಯುವ ಜಾಗ ತುಕ್ಕು ಹಿಡಿದು ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುವಂತಿದ್ದರೆ ಶಾಕಿಗೆ ಹಣ ಹಾಕಬೇಡಿ. ತಳ ಗಟ್ಟಿಯಾಗಿದ್ದು ಇನ್ನೆರಡು ವರ್ಷ ಓಡಿಸುವ ಮನಸ್ಸಿದ್ದರೆ ಧಾರಾಳವಾಗಿ ಮಾಡಿಸಿ. ನಾಲ್ಕು ಹೊಸ ಟೈರಿಗೆ ಹಣ ಕೊಡಲು ಹಿಂಜರಿಯದವರು ಅದೇ ಟೈರನ್ನು ತಿನ್ನುವ ಸವೆದ ಶಾಕನ್ನು ಉಳಿಸಿಕೊಳ್ಳುವುದು ನನಗೆ ಬೇಸರ ತರಿಸುತ್ತದೆ.

ತೆಗೆದ ಹಳೆಯ ಸಾಮಾನುಗಳನ್ನು ಏನು ಮಾಡುವುದು?

ಬಿಚ್ಚಿದ್ದನ್ನೆಲ್ಲ ಕೇಳಿ ನೋಡಿ, ಅದು ನಿಮ್ಮ ಹಕ್ಕು. ಶಾಕ್‌ಗಳನ್ನು ಗುಜರಿಗೆ ಕೊಡುವಾಗ ಒಳಗೆ ಗ್ಯಾಸಿನ ಒತ್ತಡ ಇದೆ ಎಂದು ತಿಳಿಸಿ. ಗ್ಯಾಸ್ ಕಟ್ಟರ್‌ನಿಂದ ಕತ್ತರಿಸುವುದು, ಬೆಂಕಿಗೆ ಹಾಕುವುದು ಅಪಾಯ. ಸೋರಿದ ಎಣ್ಣೆ ಹಳ್ಳಕ್ಕೋ ತೋಟದ ಕಪ್ಪಿಗೋ (ಬಸಿಗಾಲುವೆಗೋ) ಸೇರದಿರಲಿ. ಜೀಪಿನ ಪ್ಲೇಟ್‌ಗಳಿಗೆ ಮಾತ್ರ ಬೇರೆಯೇ ಬೇಡಿಕೆ. ಒಳ್ಳೆಯ ಉಕ್ಕು ಅದು. ಒಂದು ತುಂಡನ್ನು ಕಮ್ಮಾರರ ಕುಲುಮೆಗೆ ಕೊಟ್ಟರೆ ಸೊಪ್ಪು ಕಡಿಯುವ ಕತ್ತಿಯಾಗಿ ಮನೆಗೆ ಬರುತ್ತದೆ. ನಮ್ಮ ಮನೆಯ ಕತ್ತಿಯೂ ಅಂಥದೇ ಪ್ಲೇಟಿನದು, ಇನ್ನೂ ಬಾಯಿ ಮುಕ್ಕಾಗಿಲ್ಲ.